ಬೆಳಿಗ್ಗೆ ಕೊಟ್ಟ ಮಾತು ಸಂಜೆಗೆ ಯಾಕೆ ಮುರಿಯುತ್ತದೆ? ಚಟ ಬಿಡಿಸುವಲ್ಲಿ ‘ನಾಳೆಯ ಕಲ್ಪನೆ’ಯ ಪಾತ್ರ

ಮುಂದೆ ಬರಲಿರುವ ಒಂದು ಒಳ್ಳೆಯ ದಿನವನ್ನು ಕಣ್ಣಿಗೆ ಕಟ್ಟಿದ ಹಾಗೆ ಕಲ್ಪಿಸಿಕೊಂಡರೆ ಕುಡಿಯುವ, ಸೇದುವ ಅವಸರ ಕಡಿಮೆಯಾಗುತ್ತದೆ ಎಂಬ ಸುದ್ದಿ ಆಗಾಗ ಮೊಬೈಲಿನಲ್ಲಿ ಹರಿದಾಡುತ್ತದೆ. ಓದಿದವರಿಗೆ ಗೊಂದಲ. ದೇವರ ಮುಂದೆ ಆಣೆ ಮಾಡಿದರೂ ಬಿಡದ ಚಟ, ಕಣ್ಣು ಮುಚ್ಚಿ ಕೂತರೆ ಬಿಡುತ್ತದಾ? ಇದು ವಿಜ್ಞಾನವಾ, ಇಲ್ಲ ಒಳ್ಳೆಯದನ್ನೇ ಯೋಚಿಸಿ ಎನ್ನುವ ಭಾಷಣವಾ? ಮನೆಯಲ್ಲಿ ಕುಡಿಯುವವರು ಇದ್ದವರಿಗೆ ಇಂಥ ಸುದ್ದಿ ಒಂದು ಕ್ಷಣ ಆಸೆ ಹುಟ್ಟಿಸುತ್ತದೆ, ಮರುಕ್ಷಣ ಸಿಟ್ಟು ತರಿಸುತ್ತದೆ.

ಮಲೆನಾಡಿನಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೂಲಿ ಕೈಗೆ ಬರುವುದು ದಿನದ ಲೆಕ್ಕದಲ್ಲಿ. ಬೆಳೆಗಾರನಿಗೆ ದುಡ್ಡು ಬರುವುದು ವರ್ಷಕ್ಕೆ ಒಂದೆರಡು ಸಲ, ಒಟ್ಟಿಗೆ. ಎರಡೂ ಕಡೆ ದುಡ್ಡು ಕೈಗೆ ಬಂದ ಸಂಜೆಯೇ ಕಷ್ಟದ ಸಂಜೆ. ಆ ಸಂಜೆ ಮನಸ್ಸಿನ ಒಳಗೆ ಏನು ನಡೆಯುತ್ತದೆ ಎಂದು ಗೊತ್ತಾದರೆ, ಸುದ್ದಿಯಲ್ಲಿ ಎಷ್ಟು ಹುರುಳಿದೆ ಎಂಬುದೂ ಗೊತ್ತಾಗುತ್ತದೆ.

ಆರು ವರ್ಷ ಕಾಯುವವರು ಹನ್ನೆರಡು ಗಂಟೆ ಕಾಯಲಾರರು

ಕುಡಿಯುವವರ ಬಗ್ಗೆ ಊರಲ್ಲಿ ಸಾಮಾನ್ಯವಾಗಿ ಕೇಳುವ ಮಾತು ‘ಅವನಿಗೆ ಮನಸ್ಸು ಗಟ್ಟಿ ಇಲ್ಲ’ ಎಂಬುದು. ಈ ಮಾತು ಅಡಿಕೆ ತೋಟದ ಮುಂದೆ ನಿಲ್ಲುವುದಿಲ್ಲ. ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಮೇಲೂ ಎಷ್ಟೋ ಮನೆಗಳಲ್ಲಿ ‘ರಾಶಿ ಇಡಿ’ ಎನ್ನುವ ಆ ಕೆಂಪಡಿಕೆಯನ್ನು ಮೂಟೆ ಕಟ್ಟಿ ಇಡುತ್ತಾರೆ. ಮಂಡಿಯಲ್ಲಿ ಧಾರಣೆ ಏರಲಿ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಇಷ್ಟು ತಾಳ್ಮೆಯ ಮನುಷ್ಯನೇ ಸಂಜೆ ಏಳಕ್ಕೆ ಅಂಗಡಿ ಮುಂದೆ ನಿಂತಾಗ ಮರುದಿನ ಬೆಳಗಿನ ತನಕ ಕಾಯಲಾರ. ತಾಳ್ಮೆ ಇಲ್ಲದ ಮನುಷ್ಯ ಎಂದು ಇವನನ್ನು ಕರೆಯುವುದು ಹೇಗೆ?

ಅಮೆರಿಕದಲ್ಲಿ ಗ್ರೆಗರಿ ಮ್ಯಾಡನ್, ವಾರೆನ್ ಬಿಕೆಲ್ ಮತ್ತು ಜೊತೆಗಾರರು 1997ರಲ್ಲಿ ಹೆರಾಯಿನ್ ಚಟಕ್ಕೆ ಸಿಕ್ಕಿದವರನ್ನು ಈ ವಿಷಯದಲ್ಲಿ ಪರೀಕ್ಷಿಸಿದರು. ಈಗಲೇ ಕಡಿಮೆ ದುಡ್ಡು ಬೇಕಾ, ಆಮೇಲೆ ಜಾಸ್ತಿ ಬೇಕಾ ಎಂದು ಕೇಳಿದರು. ಚಟ ಇಲ್ಲದವರಿಗಿಂತ ಇವರು ‘ಈಗಲೇ’ ಎಂದದ್ದು ಜಾಸ್ತಿ. ಇದು ನಿರೀಕ್ಷಿತ. ಇನ್ನೊಂದು ಸಂಗತಿ ಅದಕ್ಕಿಂತ ಮುಖ್ಯ. ಅದೇ ಜನ ದುಡ್ಡಿಗಾಗಿ ಕಾಯುವಷ್ಟು ಹೆರಾಯಿನ್‌ಗಾಗಿ ಕಾಯಲಿಲ್ಲ. ಮನುಷ್ಯ ಒಬ್ಬನೇ, ಆದರೆ ಎದುರಿಗಿರುವ ವಸ್ತು ಬದಲಾದರೆ ತಾಳ್ಮೆಯೂ ಬದಲಾಗುತ್ತದೆ.

ತಡವಾಗಿ ಸಿಗುವುದರ ಬೆಲೆ ಮನಸ್ಸಿನಲ್ಲಿ ಕುಗ್ಗುವ ಈ ಗುಣಕ್ಕೆ ಮನಶ್ಶಾಸ್ತ್ರದಲ್ಲಿ ‘ಡಿಲೇ ಡಿಸ್ಕೌಂಟಿಂಗ್’ ಎನ್ನುತ್ತಾರೆ. ಎಲ್ಲರಲ್ಲೂ ಇದು ಇದೆ. ಚಟ ಇದ್ದವರಲ್ಲಿ ಕುಗ್ಗುವ ವೇಗ ಜಾಸ್ತಿ. ಮದ್ಯ, ತಂಬಾಕು, ಜೂಜು ಎಲ್ಲದರಲ್ಲೂ ಇದು ಮತ್ತೆ ಮತ್ತೆ ಕಂಡಿದೆ.

ಬೆಳಿಗ್ಗೆಯದ್ದು ಸುಳ್ಳಲ್ಲ, ಸಂಜೆಯದ್ದು ಮೋಸವಲ್ಲ

ಬೆಲೆ ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಜೇಮ್ಸ್ ಮೇಝರ್ ಎಂಬ ಸಂಶೋಧಕ 1987ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಅವನು ನೋಡಿದ್ದು ಪಾರಿವಾಳಗಳನ್ನು. ಆಮೇಲೆ ಅದು ಮನುಷ್ಯರಿಗೂ ಚೆನ್ನಾಗಿ ಹೊಂದಿತು. ಒಬ್ಬನಿಗೆ ಎಷ್ಟು ಅವಸರ ಎಂದು ಅಳೆಯುವ ಒಂದು ಅಂಕಿ ಇದೆ, ಅದನ್ನು ‘ಅವಸರದ ಅಂಕಿ’ ಎನ್ನೋಣ. ಕಾಯಬೇಕಾದ ಸಮಯವನ್ನು ಅದರಿಂದ ಗುಣಿಸಿ, ಒಂದನ್ನು ಕೂಡಿಸಿ. ಬಂದದ್ದರಿಂದ ಸಿಗಲಿರುವ ಮೊತ್ತವನ್ನು ಭಾಗಿಸಿ. ಅಷ್ಟೇ.

ಮೂವತ್ತು ದಿನ ಬಿಟ್ಟು 1000 ರೂಪಾಯಿ ಸಿಗುತ್ತದೆ ಎನ್ನಿ. ದಿನಕ್ಕೆ ಅವಸರದ ಅಂಕಿ 0.01 ಇರುವವನಿಗೆ ಅದು ಇವತ್ತಿನ 769 ರೂಪಾಯಿಗೆ ಸಮ. 0.1 ಇರುವವನಿಗೆ ಬರೀ 250 ರೂಪಾಯಿಗೆ ಸಮ. ಎರಡನೆಯವನಿಗೆ ಯಾರಾದರೂ ಈಗಲೇ 300 ಕೊಟ್ಟರೆ ತೆಗೆದುಕೊಂಡು ಹೋಗುತ್ತಾನೆ. ಅವನ ಲೆಕ್ಕದಲ್ಲಿ ಅದು ಲಾಭವೇ.

ಈಗ ಇದೇ ಸೂತ್ರವನ್ನು ಅಡಿಕೆ ಗೊನೆ ಕೊಯ್ಯುವ ಒಬ್ಬ ಕೊನೆಗಾರನ ದಿನಕ್ಕೆ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಸಂಜೆ ಏಳಕ್ಕೆ ಸಿಗುವ ಕುಡಿತದ ಬೆಲೆ ಅವನಿಗೆ 40. ಮರುದಿನ ಬೆಳಿಗ್ಗೆ ಏಳಕ್ಕೆ ಎದ್ದಾಗ ಕೂಲಿ ದುಡ್ಡು ಪೂರ್ತಿ ಕೈಯಲ್ಲಿದ್ದು, ಮನೆಯಲ್ಲಿ ಜಗಳ ಇಲ್ಲದೆ ಇರುವುದರ ಬೆಲೆ 100. ಗಂಟೆಗೆ ಅವಸರದ ಅಂಕಿ 0.2 ಇರಲಿ.

ಇವತ್ತು ಬೆಳಿಗ್ಗೆ ಏಳಕ್ಕೆ ಅವನು ಗೊನೆ ಕೊಯ್ಯುವ ದೋಟಿ ಹಿಡಿದು ಹೊರಟಾಗ ಕುಡಿತಕ್ಕೆ ಇನ್ನೂ 12 ಗಂಟೆ ಇದೆ. 40ನ್ನು 3.4ರಿಂದ ಭಾಗಿಸಿದರೆ ಸುಮಾರು 12. ನೆಮ್ಮದಿಯ ಬೆಳಗಿಗೆ 24 ಗಂಟೆ ಇದೆ. 100ನ್ನು 5.8ರಿಂದ ಭಾಗಿಸಿದರೆ ಸುಮಾರು 17. ನೆಮ್ಮದಿ ಗೆದ್ದಿತು. ‘ಇವತ್ತು ಕುಡಿಯೋದಿಲ್ಲ ಕಣೇ’ ಎಂದು ಹೆಂಡತಿಗೆ ಹೇಳಿ ಹೋಗುತ್ತಾನೆ. ಆ ಮಾತು ನಿಜ.

ಸಂಜೆ ಏಳಕ್ಕೆ ಅಂಗಡಿ ಎದುರಿಗಿದೆ. ಕಾಯುವ ಸಮಯ ಸೊನ್ನೆ, ಹಾಗಾಗಿ ಕುಡಿತದ ಬೆಲೆ ಪೂರ್ತಿ 40. ನೆಮ್ಮದಿಗೆ ಇನ್ನೂ 12 ಗಂಟೆ. 100ನ್ನು 3.4ರಿಂದ ಭಾಗಿಸಿದರೆ 29. ಕುಡಿತ ಗೆದ್ದಿತು. ಅವನ ಆಸೆಯೂ ಬದಲಾಗಲಿಲ್ಲ, ಸಂಸಾರದ ಮೇಲಿನ ಪ್ರೀತಿಯೂ ಬದಲಾಗಲಿಲ್ಲ. ಬದಲಾದದ್ದು ದೂರ ಮಾತ್ರ. ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನ ಕಡೆಯಿಂದ ಕೊಡಚಾದ್ರಿ ನೋಡುತ್ತಾ ನಡೆದು ಬಂದವನು ದಾರಿ ಬದಿಯ ಗೂಡಂಗಡಿ ಹತ್ತಿರ ನಿಂತರೆ, 1343 ಮೀಟರ್ ಎತ್ತರದ ಬೆಟ್ಟವನ್ನೇ ಆ ಗೂಡಂಗಡಿ ಮರೆ ಮಾಡುತ್ತದಲ್ಲ, ಹಾಗೆ.

ಹತ್ತಿರ ಬಂದಾಗ ಆಯ್ಕೆ ತಿರುಗಿಬೀಳುವ ಈ ಸಂಗತಿಯನ್ನು ಅಮೆರಿಕದ ಮನೋವೈದ್ಯ ಜಾರ್ಜ್ ಐನ್‌ಸ್ಲಿ 1975ರಲ್ಲೇ ವಿವರಿಸಿದ್ದ. ಮನೆಯವರು ಇದನ್ನು ತಿಳಿದುಕೊಂಡರೆ ಒಂದು ದೊಡ್ಡ ಉಪಕಾರ ಆಗುತ್ತದೆ. ಬೆಳಿಗ್ಗೆಯ ಮಾತನ್ನು ನಾಟಕ ಎಂದು ತಿಳಿಯುವುದು ನಿಲ್ಲುತ್ತದೆ. ಬೆಳಿಗ್ಗೆ ಮಾತು ತೆಗೆದುಕೊಂಡು ಸಂಜೆಗೆ ನಂಬಿ ಕೂರುವುದೂ ನಿಲ್ಲುತ್ತದೆ. ಸಹಾಯ ಬೇಕಿರುವುದು ಸಂಜೆ ಆರೂವರೆಯಿಂದ ಎಂಟರ ನಡುವೆ.

ಕಲ್ಪನೆ ಏನು ಮಾಡುತ್ತದೆ

ಅದೇ ಲೆಕ್ಕದಲ್ಲಿ ಅವಸರದ ಅಂಕಿಯನ್ನು 0.2ರಿಂದ 0.1ಕ್ಕೆ ಇಳಿಸಿ ನೋಡಿ. ಸಂಜೆ ಏಳಕ್ಕೆ ಕುಡಿತ 40. ನೆಮ್ಮದಿಯ ಬೆಳಗು 100 ಭಾಗಿಸು 2.2, ಅಂದರೆ 45. ಅಂಗಡಿ ಎದುರೇ ನಿಂತಿದ್ದರೂ ಈ ಸಲ ಮನೆ ಗೆದ್ದಿತು. ಹಾಗಾದರೆ ಆ ಅಂಕಿಯನ್ನು ಇಳಿಸುವುದು ಹೇಗೆ? ಸುದ್ದಿಯಲ್ಲಿ ಬರುವ ವಿಧಾನ ಕೈ ಹಾಕುವುದು ಇಲ್ಲಿಗೇ. ಸಂಶೋಧಕರು ಅದನ್ನು ‘ಎಪಿಸೋಡಿಕ್ ಫ್ಯೂಚರ್ ಥಿಂಕಿಂಗ್’ ಎನ್ನುತ್ತಾರೆ. ನಾಳೆಯ ಒಂದು ಘಟನೆಯನ್ನು, ಅದರೊಳಗೆ ತಾನೇ ಇದ್ದ ಹಾಗೆ, ಮೊದಲೇ ಅನುಭವಿಸಿ ನೋಡುವುದು.

ಜರ್ಮನಿಯ ಯಾನ್ ಪೀಟರ್ಸ್ ಮತ್ತು ಕ್ರಿಶ್ಚಿಯನ್ ಬ್ಯೂಶೆಲ್ 2010ರಲ್ಲಿ ಇದನ್ನು ಮೆದುಳಿನ ಸ್ಕ್ಯಾನ್ ಜೊತೆ ಪರೀಕ್ಷಿಸಿದರು. ದುಡ್ಡಿನ ಆಯ್ಕೆ ತೋರಿಸುವಾಗ ಆ ವ್ಯಕ್ತಿ ನಿಜವಾಗಿ ಹಾಕಿಕೊಂಡಿದ್ದ ಯೋಜನೆಯ ಹೆಸರನ್ನೂ ಪಕ್ಕದಲ್ಲಿ ತೋರಿಸಿದರು. ಹಾಗೆ ತೋರಿಸಿದಾಗ ಜನ ಕಾಯಲು ಜಾಸ್ತಿ ಒಪ್ಪಿದರು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಮತ್ತು ತೀರ್ಮಾನಕ್ಕೆ ಬೇಕಾದ ಮೆದುಳಿನ ಮುಂಭಾಗ, ಈ ಎರಡರ ನಡುವಿನ ಒಡನಾಟ ಆಗ ಹೆಚ್ಚಿತ್ತು. ಮೆದುಳು ನಾಳೆಯನ್ನು ಕಟ್ಟುವುದು ನಿನ್ನೆಯ ತುಣುಕುಗಳಿಂದಲೇ. ಹಿಪ್ಪೊಕ್ಯಾಂಪಸ್‌ಗೆ ಹಾನಿಯಾದವರಿಗೆ ಹಳೆಯದನ್ನು ನೆನೆಯುವುದಷ್ಟೇ ಅಲ್ಲ, ಹೊಸ ದೃಶ್ಯ ಕಲ್ಪಿಸುವುದೂ ಕಷ್ಟ ಎಂದು ಲಂಡನ್ನಿನ ಸಂಶೋಧಕರು 2007ರಲ್ಲಿ ತೋರಿಸಿದ್ದರು.

ಆಮೇಲೆ ಇದು ಚಟದ ಕಡೆಗೆ ಬಂತು. 2016ರಲ್ಲಿ ಬಿಕೆಲ್ ತಂಡದವರು ಮದ್ಯ ಅವಲಂಬನೆ ಇದ್ದವರಲ್ಲಿ ಈ ವಿಧಾನ ಬಳಸಿದಾಗ ಅವಸರ ಇಳಿಯಿತು. ಎಷ್ಟು ಬೆಲೆಗೆ ಎಷ್ಟು ಮದ್ಯ ಕೊಳ್ಳುತ್ತೀರಿ ಎಂದು ಕಾಲ್ಪನಿಕವಾಗಿ ಕೇಳಿದಾಗ ಬೇಡಿಕೆಯೂ ಇಳಿಯಿತು. ಅದೇ ವರ್ಷ ಜೆಫ್ರಿ ಸ್ಟೈನ್ ಮತ್ತು ಜೊತೆಗಾರರು ಸಿಗರೇಟ್ ಸೇದುವವರಲ್ಲಿ ಪರೀಕ್ಷಿಸಿದರು. ಪ್ರಯೋಗಾಲಯದಲ್ಲಿ ಅವರು ಎಳೆದ ದಮ್ಮು ಕಡಿಮೆಯಾಯಿತು. ಇಂಥ ಪ್ರಯೋಗಗಳಲ್ಲಿ ಹೋಲಿಕೆಗೆ ಇಟ್ಟ ಗುಂಪಿನವರನ್ನು ಸುಮ್ನೆ ಕೂರಿಸುವುದಿಲ್ಲ. ಇತ್ತೀಚೆಗೆ ನಡೆದು ಹೋದ ಒಳ್ಳೆಯ ಘಟನೆಯನ್ನು ಅಷ್ಟೇ ವಿವರವಾಗಿ ನೆನೆಯಲು ಹೇಳುತ್ತಾರೆ. ಖುಷಿಯ ಯೋಚನೆ ಎರಡು ಕಡೆಯೂ ಇದೆ. ಕೆಲಸ ಮಾಡಿದ್ದು ನಾಳೆಯ ಯೋಚನೆ.

ಹತ್ತಿರದಿಂದ ನೋಡಿದರೆ

‘ಕುಡಿತ ಬಿಟ್ಟು ಚೆನ್ನಾಗಿ ಬಾಳುತ್ತೇನೆ’ ಎಂದುಕೊಳ್ಳುವುದು ಈ ವಿಧಾನವಲ್ಲ. ಅದು ಬರೀ ಮಾತು, ಅದರಲ್ಲಿ ದೃಶ್ಯ ಇಲ್ಲ. ಆಪ್ತಸಮಾಲೋಚಕರು ಮೊದಲು ಕೇಳುವುದು ‘ನಾಳೆ ಏನಿದೆ? ಮುಂದಿನ ವಾರ? ಒಂದು ತಿಂಗಳು ಬಿಟ್ಟು? ಮುಂದಿನ ವರ್ಷ?’ ಎಂದು. ಪ್ರತಿಯೊಂದಕ್ಕೂ ಆಗಬಹುದಾದ, ಆ ವ್ಯಕ್ತಿ ನಿಜವಾಗಿ ಎದುರು ನೋಡುವ ಒಂದು ಘಟನೆ ಬೇಕು. ಆಮೇಲೆ ವಿವರ. ಎಲ್ಲಿದ್ದೀರಿ? ಪಕ್ಕದಲ್ಲಿ ಯಾರು? ಏನು ಕೇಳಿಸುತ್ತದೆ? ಕೈಯಲ್ಲಿ ಏನಿದೆ?

ನಮ್ಮ ಕೊನೆಗಾರ ತೀರ್ಥಹಳ್ಳಿ ಕಡೆಯವನಾದರೆ ಹೀಗೆ ಬರೆಸಬಹುದು: ‘ಎಳ್ಳಮಾವಾಸ್ಯೆ ಜಾತ್ರೆ. ತೆಪ್ಪೋತ್ಸವದ ರಾತ್ರಿ. ತುಂಗೆಯ ಮೇಲಿಂದ ಚಳಿಗಾಳಿ ಬರ್ತಾ ಇದೆ. ಮಗಳು ನನ್ನ ಹೆಗಲ ಮೇಲೆ ಕೂತಿದ್ದಾಳೆ, ಅವಳ ಕೈಯಲ್ಲಿ ಬೆಂಡು ಬತ್ತಾಸಿನ ಪೊಟ್ಟಣ. ಅಪ್ಪಾ, ತೆಪ್ಪ ಬಂತು ನೋಡು ಅಂತ ಕಿವಿ ಹತ್ತಿರ ಕೂಗ್ತಾಳೆ. ಹೊಸ ಬಳೆ ಸದ್ದು ಮಾಡ್ತಾ ಇದೆ. ಜೇಬಲ್ಲಿ ವಾಪಸ್ ಬಸ್ಸಿಗೂ ದುಡ್ಡಿದೆ.’

ಇದನ್ನು ಅವನದೇ ದನಿಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸುತ್ತಾರೆ. ಆಸೆ ಏಳುವ ಹೊತ್ತಿಗೆ ಕೇಳಬೇಕು. ತಂಬಾಕು ಮದ್ಯ ಬಿಟ್ಟು ಊಟದ ವಿಷಯದಲ್ಲೂ ಇದನ್ನು ನೋಡಿದ್ದಾರೆ. 2013ರ ಒಂದು ಪ್ರಯೋಗದಲ್ಲಿ ತೂಕ ಜಾಸ್ತಿ ಇದ್ದ ಮಹಿಳೆಯರು ತಮ್ಮದೇ ದನಿಯ ಇಂಥ ರೆಕಾರ್ಡಿಂಗ್ ಕೇಳುತ್ತಾ ತಿಂದಾಗ ಕಡಿಮೆ ತಿಂದರು.

ಘಟನೆ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಜಾತ್ರೆ ಎಂದರೆ ಗೆಳೆಯರ ಜೊತೆ ಕುಡಿಯುವುದೇ ಎಂದು ರೂಢಿಯಾದವನಿಗೆ ಜಾತ್ರೆಯ ಕಲ್ಪನೆ ಆಸೆಯನ್ನು ಕೆರಳಿಸೀತು. ಅವನಿಗೆ ಬೇರೆ ದೃಶ್ಯ ಬೇಕು. ಮಗಳ ಶಾಲೆಯ ವಾರ್ಷಿಕೋತ್ಸವವೋ, ಮನೆಗೆ ಹೊಸ ಹಂಚು ಹೊದಿಸುವ ದಿನವೋ, ಅಕ್ಕನ ಮನೆಯ ಗೃಹಪ್ರವೇಶವೋ. ಬೇರೆಯವರು ಬರೆದುಕೊಟ್ಟ ಆದರ್ಶ ಬದುಕು ಇಲ್ಲಿ ಉಪಯೋಗಕ್ಕೆ ಬಾರದು. ದೃಶ್ಯ ಅವನದೇ ಆಗಿರಬೇಕು, ಚಿಕ್ಕದಿರಬೇಕು, ಆಗಬಹುದು ಎಂದು ಅವನಿಗೇ ನಂಬಿಕೆ ಬರಬೇಕು.

ಒಪ್ಪದವರ ವಾದ

ಮೊದಲ ಆಕ್ಷೇಪ ಪ್ರಯೋಗದ ಬಗ್ಗೆಯೇ. ಒಳ್ಳೆಯ ನಾಳೆಯನ್ನು ಕಲ್ಪಿಸಿಕೊಳ್ಳಿ ಎಂದು ಹೇಳಿ, ತಕ್ಷಣ ‘ಈಗ ಬೇಕಾ, ಆಮೇಲೆ ಬೇಕಾ’ ಎಂದು ಕೇಳಿದರೆ ಯಾವ ಉತ್ತರ ನಿರೀಕ್ಷೆಯಲ್ಲಿದೆ ಎಂದು ಯಾರಿಗೆ ಗೊತ್ತಾಗುವುದಿಲ್ಲ? ಜಿಲಿಯನ್ ರಂಗ್ ಮತ್ತು ಮ್ಯಾಡನ್ ಇದನ್ನೇ ಪರೀಕ್ಷಿಸಿ, ಪ್ರಯೋಗದ ಉದ್ದೇಶವನ್ನು ಜನ ಊಹಿಸಬಲ್ಲರು ಎಂದು ತೋರಿಸಿದರು. ಅಂದರೆ ಫಲಿತಾಂಶದಲ್ಲಿ ಒಂದಷ್ಟು ಪಾಲು ಸಂಶೋಧಕರನ್ನು ಮೆಚ್ಚಿಸುವ ಉತ್ತರ ಇರಬಹುದು. ಪೂರ್ತಿ ಅದೇ ಎಂದು ಸ್ಟೈನ್ ಅವರಂಥವರು ಒಪ್ಪುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದ 2022ರ ಒಂದು ವಿಶ್ಲೇಷಣೆ ಪರಿಣಾಮ ಮಧ್ಯಮ ಪ್ರಮಾಣದ್ದು, ಆದರೆ ಗಟ್ಟಿಯಾದದ್ದು ಎಂದಿತು. ದೃಶ್ಯ ಸ್ಪಷ್ಟವಾಗಿದ್ದು, ಖುಷಿಯದ್ದಾಗಿದ್ದರೆ ಪರಿಣಾಮ ಜಾಸ್ತಿ.

ಎರಡನೆಯದು ಕಾರಣ–ಪರಿಣಾಮದ ಪ್ರಶ್ನೆ. ಬಿಕೆಲ್ ತಂಡ 1999ರಲ್ಲಿ ಸೇದುವವರು, ಬಿಟ್ಟವರು, ಸೇದದೇ ಇದ್ದವರನ್ನು ಹೋಲಿಸಿತು. ಸೇದುವವರಲ್ಲಿ ಅವಸರ ಜಾಸ್ತಿ. ಬಿಟ್ಟವರು ಸೇದದೇ ಇದ್ದವರ ಹಾಗೇ ಇದ್ದರು. ಇದನ್ನು ಎರಡು ರೀತಿ ಓದಬಹುದು. ಬಿಟ್ಟ ಮೇಲೆ ತಾಳ್ಮೆ ಮರಳಿತು ಎನ್ನಬಹುದು. ತಾಳ್ಮೆ ಇದ್ದವರೇ ಬಿಡಲು ಸಾಧ್ಯವಾಯಿತು ಎಂದೂ ಹೇಳಬಹುದು. ಎರಡನೆಯದೇ ನಿಜವಾದರೆ ತಾಳ್ಮೆ ಕಲಿಸುವುದರಿಂದ ಎಷ್ಟು ಲಾಭ ಎಂಬ ಸಂಶಯ ಉಳಿಯುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಕೆನಡಾದಲ್ಲಿ ಕೆ.ಸಿ. ಎಂಬ ಹೆಸರಿನಲ್ಲಿ ಮನಶ್ಶಾಸ್ತ್ರದವರಿಗೆಲ್ಲ ಪರಿಚಿತನಾದ ಒಬ್ಬ ರೋಗಿ ಇದ್ದ. 1981ರ ಮೋಟಾರ್ ಸೈಕಲ್ ಅಪಘಾತದಲ್ಲಿ ಮೆದುಳಿಗೆ ಪೆಟ್ಟಾಗಿ ತನ್ನ ಬದುಕಿನ ಒಂದು ಘಟನೆಯನ್ನೂ ನೆನೆಯಲಾರದವನಾದ. ನಾಳೆ ಏನು ಮಾಡುತ್ತೀರಿ ಎಂದರೆ ಅವನಿಗೆ ಏನೂ ಕಾಣುತ್ತಿರಲಿಲ್ಲ, ಎಲ್ಲ ಖಾಲಿ. ಆದರೂ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವನು ದುಡ್ಡಿನ ವಿಷಯದಲ್ಲಿ ಉಳಿದವರಂತೆಯೇ ನಾಳೆಗೆ ಬೆಲೆ ಕೊಟ್ಟ. ಹಾಗಾದರೆ ನಾಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ದೃಶ್ಯ ಕಾಣಲೇಬೇಕು ಎಂದಿಲ್ಲ. ಕಲ್ಪನೆ ತಾಳ್ಮೆಗೆ ಒಂದು ಊರುಗೋಲು. ತಾಳ್ಮೆಗೆ ಬೇರೆ ದಾರಿಗಳೂ ಇವೆ.

ಆ ಬೇರೆ ದಾರಿಗಳಲ್ಲಿ ಒಂದು ಮಲೆನಾಡಿನ ಹೆಂಗಸರಿಗೆ ಚೆನ್ನಾಗಿ ಗೊತ್ತು. ಕೂಲಿ ದುಡ್ಡು ಸಂಜೆ ಗಂಡನ ಕೈಗೆ ಬರುವ ಮೊದಲೇ ಸಂಘದ ಕಂತಿಗೆ ಕಟ್ಟಿಬಿಡುವುದು, ಬಟವಾಡೆಯನ್ನು ಹೆಂಡತಿಯೇ ಹೋಗಿ ಇಸಿದುಕೊಳ್ಳುವುದು. ಬೆಳಿಗ್ಗೆಯ ನಿರ್ಧಾರಕ್ಕೆ ಬೆಳಿಗ್ಗೆಯೇ ಬೀಗ ಹಾಕುವ ಕ್ರಮ ಇದು. ಸಂಜೆಯ ಮನಸ್ಸಿಗೆ ಆಯ್ಕೆಯೇ ಉಳಿಯುವುದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರ, ಆಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಮಾಡುವುದೂ ಒಂದು ರೀತಿಯಲ್ಲಿ ಇದನ್ನೇ. ಹತ್ತು ಜನರ ಮುಂದೆ ಕೊಟ್ಟ ಮಾತು ಸಂಜೆಯ ಲೆಕ್ಕದಲ್ಲಿ ಕುಡಿತದ ಬೆಲೆಯನ್ನೇ ಇಳಿಸುತ್ತದೆ.

ನಾಲ್ಕನೆಯ ವಾದ ಅಂಗಡಿಯದ್ದು. ಮದ್ಯ 90 ಮಿಲಿಯ ಪ್ಯಾಕಿನಲ್ಲಿ, ಹಳ್ಳಿಯ ಕಿರಾಣಿ ಅಂಗಡಿಯಲ್ಲೇ ಕದ್ದುಮುಚ್ಚಿ ಸಿಗುವಾಗ ಮನಸ್ಸಿನ ಕಲ್ಪನೆ ತಿದ್ದುವುದರಿಂದ ಏನು ಪ್ರಯೋಜನ ಎಂಬ ಪ್ರಶ್ನೆ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ಕ್ಕೆ. ಗುಟ್ಕಾ ನಿಷೇಧ 2013ರಲ್ಲಿ. ಗುಟ್ಕಾ ಹೋದ ಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಬಂತು. ಬೆರೆಸಿಕೊಂಡರೆ ಅದೇ. 2016–17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದೋ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಈ ವಾದದಲ್ಲಿ ಸತ್ಯ ಇದೆ. ಕುಡಿತಕ್ಕೆ ಕಾಯುವ ಸಮಯ ಸೊನ್ನೆಯಾದ್ದರಿಂದಲೇ ನಮ್ಮ ಲೆಕ್ಕದಲ್ಲಿ ಅದರ ಬೆಲೆ ಪೂರ್ತಿ 40 ಉಳಿಯಿತು. ಅಂಗಡಿ ಒಂದು ಗಂಟೆ ದಾರಿಯಷ್ಟು ದೂರ ಇದ್ದಿದ್ದರೆ ಅದು 33ಕ್ಕೆ ಇಳಿಯುತ್ತಿತ್ತು. ಅಂಗಡಿ ದೂರ ಮಾಡುವುದು, ನಾಳೆಯನ್ನು ಹತ್ತಿರ ತರುವುದು, ಎರಡೂ ಒಂದೇ ತಕ್ಕಡಿಯಲ್ಲಿ ಕೆಲಸ ಮಾಡುತ್ತವೆ. ಒಂದನ್ನು ಮಾಡಿದರೆ ಇನ್ನೊಂದು ಬೇಡ ಎನ್ನುವ ಜಗಳಕ್ಕೆ ಅರ್ಥವಿಲ್ಲ.

ಹೆದರಿಸಿದರೆ ಆಗುವುದಿಲ್ಲವಾ?

ನಾವು ಸಾಮಾನ್ಯವಾಗಿ ಹಿಡಿಯುವ ದಾರಿ ಹೆದರಿಕೆಯದ್ದು. ‘ಲಿವರ್ ಹೋಗ್ತದೆ, ಹೆಂಡತಿ ಮಕ್ಕಳು ಬೀದಿಗೆ ಬೀಳ್ತಾರೆ.’ 2016ರಿಂದ ತಂಬಾಕು ಪ್ಯಾಕಿನ ಶೇಕಡ 85 ಭಾಗದಲ್ಲಿ ಎಚ್ಚರಿಕೆ ಚಿತ್ರ ಇದೆ. ಹೊಸಬರು ಶುರು ಮಾಡದಂತೆ ತಡೆಯಲು, ಅಪಾಯ ತಿಳಿಸಲು ಅದು ಬೇಕು. ಆದರೆ ಆಸೆ ಎದ್ದ ಗಳಿಗೆಯಲ್ಲಿ ಕೆಟ್ಟ ನಾಳೆಯ ಚಿತ್ರ ಉಲ್ಟಾ ಹೊಡೆಯಬಹುದು. ಖುಷಿಯ ನಾಳೆ ಕಲ್ಪಿಸಿದಾಗ ಕಾಯುವ ಶಕ್ತಿ ಹೆಚ್ಚಿತು, ಕೆಟ್ಟ ನಾಳೆ ಕಲ್ಪಿಸಿದಾಗ ಕಡಿಮೆಯಾಯಿತು ಎಂದು ಚೀನಾದ ಸಂಶೋಧಕರು 2013ರಲ್ಲಿ ಕಂಡರು. ಯಾಕೆ ಎಂದು ಊಹಿಸುವುದು ಕಷ್ಟವಲ್ಲ. ನಾಳೆ ಹೇಗೂ ಹಾಳು ಎಂದಾದರೆ ಇವತ್ತನ್ನು ಬಿಟ್ಟುಕೊಡುವುದು ಯಾರಿಗಾಗಿ? ಅಲ್ವಾ? ಸಂಜೆ ಹೊಸ್ತಿಲಲ್ಲೇ ಬೈಗುಳ ಕೇಳಿದವನು ಮತ್ತೆ ಅಂಗಡಿ ಕಡೆ ತಿರುಗುವುದು ಇದೇ ಲೆಕ್ಕಕ್ಕೆ. ಬೈಯುವವರ ನೋವು ದೊಡ್ಡದು, ಅದನ್ನು ತಪ್ಪು ಎನ್ನಲು ಮನಸ್ಸು ಬಾರದು. ಆದರೆ ಆ ಗಳಿಗೆಯಲ್ಲಿ ಅದು ಕೆಲಸ ಮಾಡುವುದಿಲ್ಲ.

ನಾಳೆಯೇ ಕಾಣದವರಿಗೆ

ಈ ವಿಧಾನ ಮಲೆನಾಡಿನಲ್ಲಿ ಎದುರಿಸುವ ದೊಡ್ಡ ತೊಡಕು ಇಲ್ಲಿದೆ. ಕಲ್ಪನೆಗೆ ಸಾಮಗ್ರಿ ಬೇಕು. ಬಿಕೆಲ್ ತಂಡವೇ ಇನ್ನೊಂದು ಪ್ರಯೋಗದಲ್ಲಿ ಜನರಿಗೆ ‘ನಿಮ್ಮ ಕೆಲಸ ದಿಢೀರ್ ಹೋಯಿತು’ ಎಂಬ ಕಥನ ಓದಿಸಿತು. ಓದಿದ್ದಷ್ಟೇ. ಅವರ ನೋಟ ಇವತ್ತಿಗೆ ಕುಗ್ಗಿತು, ಅವಸರ ಹೆಚ್ಚಿತು. ಕಥನಕ್ಕೇ ಹೀಗಾದರೆ ನಿಜವಾದ ಅಭದ್ರತೆಗೆ?

ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ತೋಟಗಳನ್ನು ವರ್ಷಗಳಿಂದ ತಿನ್ನುತ್ತಿದೆ. ಹೊಸನಗರ, ತೀರ್ಥಹಳ್ಳಿಯಲ್ಲಿ ಎಲೆಚುಕ್ಕಿ ರೋಗ. ಮಳೆ ಜಾಸ್ತಿಯಾದರೆ ಕೊಳೆ ರೋಗ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆಮಠ ಬಿಟ್ಟ ಶರಾವತಿ ಸಂತ್ರಸ್ತ ಕುಟುಂಬಗಳಲ್ಲಿ ಹಕ್ಕುಪತ್ರಕ್ಕೆ ಅಲೆಯುವುದು ಮೂರನೇ ತಲೆಮಾರಿಗೆ ಬಂದಿದೆ. ಇಂಥವನಿಗೆ ‘ಐದು ವರ್ಷದ ನಂತರ ನಿಮ್ಮ ತೋಟ ಹೇಗಿರುತ್ತದೆ, ಕಲ್ಪಿಸಿಕೊಳ್ಳಿ’ ಎಂದರೆ ಏನು ಕಾಣುತ್ತದೆ? ಅವನು ದೂರದೃಷ್ಟಿ ಇಲ್ಲದವನಲ್ಲ. ದೂರ ನೋಡಿದರೆ ಕಾಣುವುದು ಭಯ, ಅದಕ್ಕೇ ನೋಡುವುದಿಲ್ಲ.

ಹಾಗಾಗಿ ಎರಡು ಮಾತು. ಒಂದು, ಇಂಥವರಿಗೆ ಹತ್ತಿರದ ನಾಳೆಯೇ ಸರಿ. ಐದು ವರ್ಷ ಬೇಡ, ಬರುವ ಭಾನುವಾರ ಸಾಕು. ಎರಡು, ಹಕ್ಕುಪತ್ರ, ಬೆಳೆ ವಿಮೆ, ನಿಶ್ಚಿತ ಕೂಲಿ ಇವೆಲ್ಲ ಚಟದ ಚಿಕಿತ್ಸೆಗೆ ಹೊರಗಿನ ವಿಷಯ ಎಂದು ತಳ್ಳಿಹಾಕುವಂತಿಲ್ಲ. ನಂಬಬಹುದಾದ ನಾಳೆ ಇದ್ದಾಗಲೇ ನಾಳೆಯ ಕಲ್ಪನೆ ಹಿಡಿತಕ್ಕೆ ಸಿಗುವುದು.

ಓಸಿ ಮತ್ತು ಮೊಬೈಲ್ ಜೂಜಿನ ಕಲ್ಪನೆ

ಜೂಜಿನಲ್ಲಿ ಇನ್ನೊಂದು ತಿರುವು ಇದೆ. ಶಿವಮೊಗ್ಗ ಕಡೆ ಓಸಿ, ಅಂದರೆ ನಂಬರಿನ ಮೇಲೆ ದುಡ್ಡು ಕಟ್ಟುವ ಮಟ್ಕಾ ಜೂಜು, ಬರೆಸುವವನ ಕಲ್ಪನಾಶಕ್ತಿಗೆ ಏನೂ ಕೊರತೆ ಇಲ್ಲ. ನಂಬರ್ ಹೊಡೆದರೆ ಸಾಲ ತೀರಿಸುವುದು, ಬೈಕ್ ತರುವುದು, ಎಲ್ಲವೂ ಅವನ ಕಣ್ಣ ಮುಂದೆ ಇದೆ. ಮೊಬೈಲಿನ ದುಡ್ಡಿನ ಆಟಗಳ ಜಾಹೀರಾತುಗಳು ಮಾರುತ್ತಿದ್ದದ್ದೂ ಅದನ್ನೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ನಡೆಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಕಾನೂನು ಅಂಗಡಿಯನ್ನು ದೂರ ಮಾಡಬಲ್ಲದು, ತಲೆಯೊಳಗಿನ ಆ ಗೆಲುವಿನ ಚಿತ್ರವನ್ನು ಅಳಿಸಲಾರದು.

ಆದ್ದರಿಂದ ಜೂಜಿನ ಚಟದಲ್ಲಿ ‘ಒಳ್ಳೆಯ ನಾಳೆ ಕಲ್ಪಿಸಿಕೊಳ್ಳಿ’ ಎಂದು ಸುಮ್ನೆ ಹೇಳಿದರೆ ಅಪಾಯವೇ. ಕಲ್ಪಿಸುವ ಘಟನೆ ಗೆದ್ದ ದುಡ್ಡಿನಿಂದ ಬರುವಂಥದ್ದಾಗಿರಬಾರದು. ಸಂಬಳದಿಂದ, ದುಡಿಮೆಯಿಂದ, ಇಲ್ಲವೇ ದುಡ್ಡೇ ಬೇಡದೆ ಆಗುವಂಥದ್ದಾಗಿರಬೇಕು. ಇದನ್ನು ಗಮನಿಸಲು ಎದುರಿಗೆ ತಿಳಿದವರು ಕೂತಿರಬೇಕು.

ಮುಂದೆ ಏನಾಗಬಹುದು

ಖರ್ಚಿಲ್ಲದ, ಮಾತ್ರೆ ಇಲ್ಲದ ವಿಧಾನವಾದ್ದರಿಂದ ಇದು ಬೇಗ ಹರಡುತ್ತದೆ. ಆ್ಯಪ್ ಬರುತ್ತವೆ, ವಾರಾಂತ್ಯದ ಶಿಬಿರಗಳು ಬರುತ್ತವೆ, ‘ಇಪ್ಪತ್ತೊಂದು ದಿನದಲ್ಲಿ ಚಟಮುಕ್ತಿ’ ಎಂಬ ಬೋರ್ಡೂ ಬರುತ್ತದೆ. ಸರಿಯಾದ ಜಾಗದಲ್ಲಿ ಬಳಸಿದರೆ, ಅಂದರೆ ಆಸ್ಪತ್ರೆಯ ಆಪ್ತಸಮಾಲೋಚನೆಯಲ್ಲಿ, ಮದ್ಯವರ್ಜನ ಶಿಬಿರದ ಕೊನೆಯ ದಿನಗಳಲ್ಲಿ, ಆಮೇಲೆ ಮನೆಗೆ ಬಂದ ಮೊದಲ ಸಂಜೆಗಳಲ್ಲಿ, ಇದು ನಿಜಕ್ಕೂ ಕೈ ಹಿಡಿಯಬಲ್ಲದು. ಆಸೆಯ ಅಲೆ ಏರಿ ಇಳಿಯುವ ಆ ಕೆಲವು ನಿಮಿಷ ದಾಟಿಸುವುದು ಇದರ ಕೆಲಸ. ಅದಕ್ಕಿಂತ ಹೆಚ್ಚಿನದನ್ನು ಇದರ ಹೆಸರಲ್ಲಿ ಮಾರುವವರನ್ನು ನಂಬಬೇಡಿ.

ಯಾಕೆಂದರೆ ಮದ್ಯದ ವಿಷಯದಲ್ಲಿ ತಪ್ಪು ನಂಬಿಕೆ ಜೀವ ತೆಗೆಯಬಹುದು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನದಲ್ಲಿ ಕೈಕಾಲು ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದ ಮಾತು ಶುರುವಾಗಬಹುದು. ಇದಕ್ಕೆ ಕಲ್ಪನೆ ಮದ್ದಲ್ಲ. ಆಸ್ಪತ್ರೆಯಲ್ಲಿ ನಡುಕ ಇಳಿಸುವ ಔಷಧ, ಥಯಾಮಿನ್ (ಬಿ1 ವಿಟಮಿನ್) ಬೇಕು. ಆಮೇಲೆ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ, ವೈದ್ಯರು ನೋಡಿ ಕೊಡುತ್ತಾರೆ. ತಂಬಾಕಿಗೆ ನಿಕೋಟಿನ್ ಗಮ್ ಇದೆ. ಇವುಗಳ ಜೊತೆಗೆ ನಾಳೆಯ ಕಲ್ಪನೆಯನ್ನು ಸೇರಿಸಿಕೊಳ್ಳಬಹುದು, ಇವುಗಳ ಬದಲಿಗೆ ಅಲ್ಲ.

ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋವೈದ್ಯರನ್ನು ನೋಡುವ ವ್ಯವಸ್ಥೆ ಇದೆ, ದಿನ ಯಾವುದೆಂದು ಅಲ್ಲೇ ಕೇಳಿಕೊಳ್ಳಿ. ಹೋಗಲು ಸಂಕೋಚ ಇದ್ದರೆ ಮೊದಲು ಫೋನ್ ಮಾಡಬಹುದು. ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ. ತಂಬಾಕು ಬಿಡಲು 1800-11-2356. ಎರಡಕ್ಕೂ ದುಡ್ಡಿಲ್ಲ. ಫೋನ್ ಮಾಡುವುದು ಚಟ ಇರುವವರೇ ಆಗಬೇಕು ಎಂದೇನೂ ಇಲ್ಲ, ಮನೆಯವರೂ ಮಾಡಬಹುದು.